ಪೆಟ್ಟು ಯಾರಿಗೆ ಬಿತ್ತು?

ಈ ಸಲ ನಮಗೆ ಬಂದ ಕತೆಗಳಲ್ಲಿ ಹೊಡೆದಾಟಕ್ಕೇನೂ ಬರವಿಲ್ಲ. ನಮ್ಮದೂ ಒಂದಿತ್ತು: ಬಾಪೂಜಿ ನಗರದ ಬೇಕರಿ ಮುಂದೆ ಒಬ್ಬ ಹುಡುಗ 11 ಜನರನ್ನ ಮಲಗಿಸ್ತಾನೆ, ಕೈಯಲ್ಲಿರೋ ಟೀ ಒಂದು ಹನಿ ಚೆಲ್ಲಲ್ಲ. ಓದೋಕೆ ಕೊಟ್ಟ ಗೆಳೆಯರು ಅರ್ಧಕ್ಕೇ ಮೊಬೈಲ್ ತೆಗೆದರು. ತಪ್ಪು ಅವರದ್ದಲ್ಲ. ಸಿನಿಮಾಗೆ ಕ್ಯಾಮೆರಾ ಇದೆ, ಸದ್ದಿದೆ. ಪುಟದ ಮೇಲೆ ಗುದ್ದು ಬರೀ ಗುದ್ದು.

10ನೇ ಶತಮಾನದ ರನ್ನನಿಗೆ ಇದು ಗೊತ್ತಿತ್ತು. ಪಿಯುಸಿಯಲ್ಲಿ ಮಾರ್ಕ್ಸಿಗೆ ಓದಿ ಮರೆತವರು ಇನ್ನೊಮ್ಮೆ ನೋಡಿ. ‘ಗದಾಯುದ್ಧ’ ಅಂತಲೇ ಹೆಸರಾದ ಕಾವ್ಯ, ಆದರೆ ಗದೆಗೆ ಗದೆ ತಾಗೋದು ಎಷ್ಟು ತಡ! ಅದಕ್ಕೂ ಮೊದಲು ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ನಡೀತಾನೆ. ದ್ರೋಣ, ದುಶ್ಶಾಸನ, ಕರ್ಣರನ್ನ ಕಂಡು ಮರುಗ್ತಾನೆ. ಶತ್ರುವಿನ ಮಗ ಅಭಿಮನ್ಯುವನ್ನೂ ಮೆಚ್ಚುತ್ತಾನೆ. ಆಮೇಲೆ ಅವನಿಗೆ ಬೀಳೋ ಪೆಟ್ಟು ನಮಗೂ ತಾಗುತ್ತೆ. ಭೀಮನ ಸಂಕಟ ಬೇರೆ: ಸೊಂಟದ ಕೆಳಗೆ ಹೊಡೆಯೋ ಹಾಗಿಲ್ಲ, ತೊಡೆ ಮುರೀದೆ ಪ್ರತಿಜ್ಞೆ ಉಳಿಯಲ್ಲ.

ನಮ್ಮ ಕತೆ ತಿದ್ದಿದ್ದೇವೆ. ಈಗ ಇಬ್ಬರೇ, ರೂಮ್‌ಮೇಟ್‌ಗಳು, ಅಡ್ವಾನ್ಸ್ ದುಡ್ಡಿಗೆ ಜಗಳ. ಒಂದೇ ಏಟು. ಹೊಡೆದವನೇ ಕೆಳಗೆ ಬಗ್ಗಿ ಅವನ ಕನ್ನಡಕ ಹುಡುಕ್ತಾನೆ.