ಹೊಲಿಗೆ ಬಿಚ್ಚಿದರೆ ಕೈ ಗುಣವಾಯಿತೇ?



ಅಡಿಕೆ ಸುಲಿಯುವ ಮೆಟ್ಟುಕತ್ತಿಯಿಂದ, ಹುಲ್ಲು ಕೊಯ್ಯುವ ಕತ್ತಿಯಿಂದ ಬೆರಳಿಗೆ ಗಾಯವಾಗುವುದು ನಮ್ಮ ಕಾಸರಗೋಡಿನ ತೋಟದ ಮನೆಗಳಲ್ಲಿ ಹೊಸತಲ್ಲ. ಗಾಯ ಆಳವಾಗಿ ಬೆರಳು ಮಡಚಲು ಬಾರದಿದ್ದರೆ "ನರ ಕಡಿದಿದೆ" ಎನ್ನುತ್ತೇವೆ. ನಿಜಕ್ಕೂ ಬೆರಳನ್ನು ಮಡಚುವುದು ಮಾಂಸಖಂಡವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜು ಎಂಬ ಹುರಿ. ಅದು ಕಡಿದರೆ ಶಸ್ತ್ರಚಿಕಿತ್ಸಕರು ಹೊಲಿದು ಕೂಡಿಸುತ್ತಾರೆ. ಎರಡು ವಾರದೊಳಗೆ ಚರ್ಮದ ಹೊಲಿಗೆ ಬಿಚ್ಚಿದ ಕೂಡಲೇ ನಮ್ಮವರು ಪುನಃ ಕತ್ತಿ ಹಿಡಿಯುತ್ತಾರೆ. ಇದು ದೊಡ್ಡ ತಪ್ಪು. ಕೂಡಿರುವುದು ಚರ್ಮ, ಹುರಿಯಲ್ಲ.

ಗಾಯವಾದ ಕೂಡಲೇ ರಕ್ತದಲ್ಲಿರುವ ಪ್ಲೇಟ್‌ಲೆಟ್ ಕಣಗಳು 'ಬೆಳವಣಿಗೆಯ ಅಂಶ'ಗಳೆಂಬ ಪ್ರೋಟೀನುಗಳನ್ನು ಹೊರಬಿಡುತ್ತವೆ. (ಇಂಥ ಅಂಶಗಳ ಶೋಧನೆಗಾಗಿ ಸ್ಟ್ಯಾನ್ಲಿ ಕೋಹೆನ್ ಮತ್ತು ರೀಟಾ ಲೆವಿ-ಮೊಂಟಾಲ್ಚಿನಿ ಅವರಿಗೆ 1986ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.) ಕೆಲವು ಅಂಶಗಳು ದುರಸ್ತಿಯ ಜೀವಕೋಶಗಳನ್ನು ಗಾಯದ ಕಡೆಗೆ ಕರೆಯುತ್ತವೆ, ಕೆಲವು ಹೊಸ ರಕ್ತನಾಳಗಳನ್ನು ಚಿಗುರಿಸುತ್ತವೆ, ಇನ್ನು ಕೆಲವು ಕೊಲಾಜೆನ್ ಎಂಬ ನಾರನ್ನು ನೇಯಿಸುತ್ತವೆ. ಮೊದಲ ವಾರಗಳ ಈ ನಾರು ಹಸಿ ತೆಂಗಿನ ಸಿಪ್ಪೆಯ ಹಾಗೆ, ಎಳೆಗಳಿಗೆ ದಿಕ್ಕಿಲ್ಲ. ಅದು ಹೊಸೆದ ಹಗ್ಗದಂತೆ ಗಟ್ಟಿಯಾಗಲು ತಿಂಗಳುಗಳೇ ಬೇಕು.

ಹಾಗೆಂದು ಕೈಯನ್ನು ಅಲುಗಾಡಿಸದೆ ಇಡುವುದೂ ಒಳ್ಳೆಯದಲ್ಲ. ಇದೇ ಅಂಶಗಳಲ್ಲಿ ಒಂದಾದ ಟಿಜಿಎಫ್-ಬೀಟಾ ಹೆಚ್ಚಾದರೆ ಹುರಿ ಸುತ್ತಲಿನ ಪದರಕ್ಕೆ ಅಂಟಿಕೊಂಡು ಬೆರಳು ಸೆಟೆದು ನಿಲ್ಲುತ್ತದೆ. ಆದ್ದರಿಂದ ವೈದ್ಯರು ಹೇಳಿಕೊಟ್ಟಷ್ಟು ಬೆರಳನ್ನು ಆಡಿಸಬೇಕು. ಎಣ್ಣೆ ಹಚ್ಚಿ ತಿಕ್ಕುವುದು, ಭಾರ ಎತ್ತುವುದು ಬೇಡ. ಭಾರದ ಕೆಲಸಕ್ಕೆ ಸಾಮಾನ್ಯವಾಗಿ ಸುಮಾರು 12 ವಾರ ಕಾಯಬೇಕಾಗುತ್ತದೆ. ಬೀಡಿ, ಸಿಗರೇಟು ಸೇದುವವರಿಗೆ ಗುಣವಾಗುವುದು ಇನ್ನೂ ನಿಧಾನ.

ಬೇಗ ಗುಣವಾಗಲೆಂದು ಸ್ವಂತ ರಕ್ತದಿಂದಲೇ ಪ್ಲೇಟ್‌ಲೆಟ್ ಬೇರ್ಪಡಿಸಿ ಚುಚ್ಚುವ 'ಪಿಆರ್‌ಪಿ' ಚಿಕಿತ್ಸೆಯೂ ಇದೆ. ಬ್ರಿಟನ್ನಿನಲ್ಲಿ ಹಿಮ್ಮಡಿಯ ಹುರಿ ಹರಿದ 230 ಮಂದಿಯಲ್ಲಿ ಇದನ್ನು ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು: ಆರು ತಿಂಗಳಾದರೂ ಹುಸಿ ಚುಚ್ಚುಮದ್ದು ಪಡೆದವರಿಗಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಹಿಮ್ಮಡಿಯೂ ಬೆರಳೂ ಒಂದೇ ಅಲ್ಲ, ನಿಜ. ಆದರೂ ಸಾಲ ಮಾಡಿ ಇದನ್ನು ಚುಚ್ಚಿಸಿಕೊಳ್ಳಲು ಹೊರಟವರಿಗೆ ಬೇಡವೆಂದೇ ನಾನು ಹೇಳುವೆ.

ನಿಜವಾದ ತೊಡಕು ಆ ಮೂರು ತಿಂಗಳ ಕೂಲಿ. ದಿನಗೂಲಿಯವರಿಗೆ "ಕಾಯಿರಿ" ಎನ್ನುವುದು ಸುಲಭ, ಅಕ್ಕಿಗೆ ದುಡ್ಡು ಎಲ್ಲಿಂದ? ತೋಟವಿರುವ ಮನೆಯವರು ತಮ್ಮ ಕೆಲಸದವನ ಕೈಗೆ ಹೀಗಾದಾಗ, ಒಂದೇ ಕೈಯಲ್ಲಿ ಆಗುವ ಅಡಿಕೆ ಆರಿಸುವ ಕೆಲಸವನ್ನೋ ಅಂಗಳ ಕಾಯುವ ಕೆಲಸವನ್ನೋ ಕೊಟ್ಟು ಕೂಲಿ ಮುಂದುವರಿಸಬಹುದು. ಈ ಕೊಯ್ಲಿಗೇ ಅದನ್ನು ಆರಂಭಿಸೋಣ.