ಹುಕುಂನಾಮೆಯ ಹಡಗುಗಳು

ಕಾರವಾರದಿಂದ ಅಂಕೋಲೆಯತ್ತ ಸಾಗುವ ದಾರಿಯಲ್ಲಿ, ಅರ್ಗಾದ ಬಳಿ, ಇಂದು ಕದಂಬ ನೌಕಾನೆಲೆಯಿದೆ. ಅದರ ಉತ್ತರಕ್ಕೆ, ಕಾಳಿ ನದಿಯ ಆಚೆಯ ದಡದ ಸದಾಶಿವಗಡದಲ್ಲಿ, ಎರಡು ಶತಮಾನಗಳ ಹಿಂದೆಯೇ ಯುದ್ಧನೌಕೆಗಳನ್ನು ಕಟ್ಟುವ ಸಂಕಲ್ಪವೊಂದು ನಡೆದಿತ್ತು.

1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಟಿಪ್ಪು ಸುಲ್ತಾನನು ಅರ್ಧ ರಾಜ್ಯವನ್ನೂ ಮಲಬಾರಿನ ಬಂದರುಗಳನ್ನೂ ಕಳೆದುಕೊಂಡನು. ಮೇಲೆ 3 ಕೋಟಿ 30 ಲಕ್ಷ ರೂಪಾಯಿಗಳ ದಂಡ. ತಂದೆ ಹೈದರನ ನೌಕಾಬಲವನ್ನು ಇಂಗ್ಲಿಷರ ಅಡ್ಮಿರಲ್ ಹ್ಯೂಸ್ 1780ರಲ್ಲಿ ಮಂಗಳೂರಿನಲ್ಲಿ ಧ್ವಂಸಮಾಡಿದ್ದನು. ಇಂತಹ ಸ್ಥಿತಿಯಲ್ಲಿ, 1796ರಲ್ಲಿ, ಟಿಪ್ಪು ಹೊಸ ಹುಕುಂನಾಮೆ ಹೊರಡಿಸಿದನು: 11 ಮಂದಿಯ ನೌಕಾಮಂಡಳಿ, ಅದರ ಕೆಳಗೆ 30 ಮಂದಿ ನೌಕಾಧಿಕಾರಿಗಳು, ಸುಮಾರು 40 ಯುದ್ಧನೌಕೆಗಳು; ಮಂಗಳೂರು, ಮಿರ್ಜಾನ, ಸದಾಶಿವಗಡಗಳಲ್ಲಿ ಹಡಗುಕಟ್ಟೆಗಳು. ಮೂರೇ ವರ್ಷಗಳಲ್ಲಿ, 1799ರ ಮೇ 4ರಂದು, ಶ್ರೀರಂಗಪಟ್ಟಣ ಬಿದ್ದಿತು. ಹುಕುಂನಾಮೆಯ ಪಡೆ ಕಡಲಿಗಿಳಿಯಲಿಲ್ಲ.

ಈ ದಾಖಲೆಯನ್ನು ನಮ್ಮವರು ಎರಡು ಬಗೆಯಲ್ಲಿ ಓದುತ್ತಾರೆ. ಕೆಲವರು ಕಾಗದದ ಹಡಗುಗಳನ್ನೇ ನೀರಿನ ಮೇಲಿದ್ದವೆಂದು ಎಣಿಸಿ ಹೆಮ್ಮೆಪಡುತ್ತಾರೆ. ಕೆಲವರು ಹುಚ್ಚು ಕನಸೆಂದು ನಗುತ್ತಾರೆ. ಎರಡೂ ತಪ್ಪೆಂದೇ ನನ್ನ ಮತ. ಆಜ್ಞೆಯು ಇಚ್ಛೆಗೆ ಸಾಕ್ಷಿಯೇ ಹೊರತು ಸಿದ್ಧಿಗಲ್ಲ. ಘಟ್ಟದಲ್ಲಿ ಸಾಗುವಾನಿ ಇತ್ತು, ಕರಾವಳಿಯಲ್ಲಿ ಹಡಗು ಕಟ್ಟುವ ಕೈಗಳಿದ್ದವು. ಇಲ್ಲದಿದ್ದುದು ಹಣ ಮತ್ತು ಕಾಲ. ಕಾಲಾಳುಗಳನ್ನು ಒಂದು ಋತುವಿನಲ್ಲಿ ಕೂಡಿಸಬಹುದು. ನೌಕಾಪಡೆಗೆ ದೀರ್ಘವಾದ ಶಾಂತಿ ಬೇಕು. ಎರಡು ಯುದ್ಧಗಳ ನಡುವೆ ಮೈಸೂರಿಗೆ ದೊರೆತುದು ಏಳೇ ವರ್ಷ.

ನಗುವವರು ಅರ್ಗಾದ ಕಡೆ ಒಮ್ಮೆ ನೋಡಬೇಕು. ಅಲ್ಲಿನ ನೆಲೆಗೆ ರಾಜೀವ್ ಗಾಂಧಿಯವರು ಶಂಕುಸ್ಥಾಪನೆ ಮಾಡಿದ್ದು 1986ರ ಅಕ್ಟೋಬರ್ 24ರಂದು. ಮುಂದೆ ಹಣಕಾಸಿನ ಮುಗ್ಗಟ್ಟಿನಿಂದ ಕೆಲಸ ವರ್ಷಗಟ್ಟಲೆ ಕುಂಟಿತು. ನೆಲೆ ಸೇವೆಗೆ ಅಣಿಯಾದದ್ದು 2005ರ ಮೇ 31ರಂದು. ವಿಶಾಲ ಗಣರಾಜ್ಯಕ್ಕೇ ಹತ್ತೊಂಬತ್ತು ವರ್ಷ ಹಿಡಿದ ಕೆಲಸವನ್ನು, ಸೋತ ಸಣ್ಣ ರಾಜ್ಯವೊಂದು ಮೂರು ವರ್ಷಗಳಲ್ಲಿ ಮುಗಿಸಲಿಲ್ಲವೆಂದು ಹಳಿಯುವುದು ನ್ಯಾಯವೆ?

ಸಂಶೋಧಕರು ಇನ್ನೊಂದನ್ನೂ ಗಮನಿಸಬೇಕು. ನೌಕಾಬಲದ ಲೆಕ್ಕವನ್ನು ಹಡಗುಗಳಲ್ಲಿ ಮಾತ್ರ ಬರೆಯುವುದು ರೂಢಿ. ಅರ್ಗಾ ಸೀಮೆಯ ರೈತರೂ ಮೀನುಗಾರರೂ ಮನೆ, ಗದ್ದೆ, ದೋಣಿ ಎಳೆಯುವ ದಡಗಳನ್ನು ಬಿಟ್ಟು ಹೋದರು; ಪರಿಹಾರಕ್ಕಾಗಿ ದಶಕಗಳ ಕಾಲ ನ್ಯಾಯಾಲಯಗಳಿಗೆ ಅಲೆದರು. ಅವರ ಅರ್ಜಿಗಳೂ ನೌಕಾಚರಿತ್ರೆಯ ಆಕರಗಳೇ. ಸದಾಶಿವಗಡದ ಹಡಗುಕಟ್ಟೆಗೆ ಮರ ಹೊರಬೇಕಾದವರು ಯಾರೆಂದು ಹುಕುಂನಾಮೆಯನ್ನು ಓದುವಾಗ ನಾವು ಕೇಳಲಿಲ್ಲ. ಅರ್ಗಾದ ವಿಷಯದಲ್ಲಾದರೂ ಆ ಪ್ರಶ್ನೆಯನ್ನು ಕೇಳೋಣ.