ವಿರಾಮದ ಪುಟ: ಪೆಡಲಿಗೊಪ್ಪುವ ಬೂಟು

ಹೋದ ಸಂಚಿಕೆಯಲ್ಲಿ ತಾಯಿಫ್ ಕಡೆಯ ಬೆಟ್ಟಗಳಲ್ಲಿ ಸೈಕಲ್ ಸವಾರಿಯ ಬಗ್ಗೆ ನಾವು ನಾಲ್ಕು ಮಾತು ಬರೆದದ್ದೇ ತಡ, ಸದಸ್ಯ ಮಿತ್ರರಿಂದ ಪ್ರಶ್ನೆಗಳು ಬಂದವು. ಸೈಕಲ್ ಯಾವುದು, ಎಷ್ಟು ರಿಯಾಲು ಎಂದು ಕೇಳಿದವರೇ ಹೆಚ್ಚು. ಕಾಲಿಗೆ ಏನು ಹಾಕಬೇಕೆಂದು ಕೇಳಿದವರು ಒಬ್ಬರೇ. ‘ಕಂಪೆನಿ ಕೊಟ್ಟ ಸೇಫ್ಟಿ ಶೂ ಹೊಸದಾಗಿಯೇ ಇದೆ, ಅದು ಸಾಲದೆ ಸ್ವಾಮಿ?’ ಎಂದಿದ್ದಾರೆ.

ಸಾಲದು. ಸೇಫ್ಟಿ ಶೂ ಮೇಲಿನಿಂದ ಬೀಳುವ ಭಾರದಿಂದ ಬೆರಳು ಕಾಯಲು ಹುಟ್ಟಿದ್ದು. ಅದರ ಅಟ್ಟೆ ಎಣ್ಣೆಗೆ ಜಗ್ಗದ ಗಡಸು ರಬ್ಬರು, ಅದರಲ್ಲಿ ಆಳವಾದ ಗೀರುಗಳು. ಬೆಟ್ಟದ ಸೈಕಲ್ಲಿನ ಚಪ್ಪಟೆ ಪೆಡಲಾದರೋ ಅಂಗೈಯಷ್ಟು ಅಗಲ. ಎರಡೂ ಮೈಮೇಲೆ ನಾಲ್ಕೈದು ಮಿಲಿಮೀಟರ್ ಎತ್ತರದ ಸಣ್ಣ ಮೊಳೆಗಳು ನಿಂತಿರುತ್ತವೆ. ಈ ಮೊಳೆಗಳು ಅಟ್ಟೆಯೊಳಕ್ಕೆ ತುಸು ಇಳಿದು ಕಚ್ಚಬೇಕು. ಗಡಸು ರಬ್ಬರನ್ನು ಅವು ಕಚ್ಚಲಾರವು. ಗೀರಿನ ಸಂದಿಗೆ ಬಿದ್ದರಂತೂ ಪಾದವನ್ನು ಬೇಕಾದ ಕಡೆ ಸರಿಸಲಿಕ್ಕೂ ಆಗದು.

ಊರಿನಲ್ಲಿ ನಾವೆಲ್ಲ ಹೀರೋ, ಅಟ್ಲಾಸ್ ತುಳಿದವರು. ಪೆಡಲಿಗೆ ಎರಡು ರಬ್ಬರ್ ತುಂಡು, ಕಾಲಿಗೆ ಹವಾಯಿ ಚಪ್ಪಲಿ, ಮಳೆಗಾಲದಲ್ಲಿ ಅದೂ ಇಲ್ಲ. ಆ ಧೈರ್ಯ ಕಾರ್ನಿಷ್‌ನ ನುಣುಪು ದಾರಿಗೆ ಸಾಕು. ಜಿದ್ದಾ ಸಮುದ್ರದ ಮಟ್ಟದಲ್ಲಿದೆ, ತಾಯಿಫ್ ಸುಮಾರು 1,800 ಮೀಟರ್ ಮೇಲಿದೆ. ನಡುವೆ ಇರುವುದು ಒಡೆದ ಕಲ್ಲು, ಸಡಿಲ ಜಲ್ಲಿ, ಅಲ್ಲಲ್ಲಿ ಜಾಲಿ ಮುಳ್ಳು. ಇಳಿಜಾರಿನಲ್ಲಿ ಸೈಕಲ್ ಕುದುರೆಯಂತೆ ಕುಪ್ಪಳಿಸುವಾಗ ಸವಾರ ಸೀಟಿನ ಮೇಲೆ ಕೂತಿರುವುದಿಲ್ಲ. ಅವನ ಇಡೀ ಭಾರ ಆ ಎರಡು ಅಂಗೈಯಗಲದ ಹಲಗೆಗಳ ಮೇಲೆ. ಪಾದ ಜಾರಿದರೆ ಪೆಡಲು ಗಿರ್ರನೆ ತಿರುಗಿ ಕಣಕಾಲಿಗೆ ಬಡಿಯುತ್ತದೆ. ಕಳೆದ ಚಳಿಗಾಲದಲ್ಲಿ ನಮ್ಮ ಗುಂಪಿನ ಮಿತ್ರರೊಬ್ಬರಿಗೆ ಆದದ್ದು ಅದೇ. ಹೊಲಿಗೆ ಬಿದ್ದವು, ಎರಡು ವಾರ ಸೈಟಿಗೆ ಹೋಗಲಾಗಲಿಲ್ಲ, ಸಂಬಳವೂ ಕಟ್ಟಾಯಿತು. ತಿಂಗಳ ಕೊನೆಗೆ ಊರಿಗೆ ಹಣ ಕಳಿಸಬೇಕಾದವರಿಗೆ ಇದು ಆಟದ ಮಾತಲ್ಲ.

ಈ ಕ್ರೀಡೆಯ ಹಿರಿಯರೂ ಕೆಲಸದ ಬೂಟಿನಲ್ಲೇ ಇಳಿದರಲ್ಲ ಎಂದು ಯಾರಾದರೂ ವಾದಿಸಬಹುದು. ನಿಜ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಪ್ರಾಂತದಲ್ಲಿ ‘ರೀಪ್ಯಾಕ್’ ಎಂಬ ಇಳಿಜಾರಿನ ಪಂದ್ಯ ಶುರುವಾದಾಗ ಹುಡುಗರು ತೊಟ್ಟದ್ದು ಜೀನ್ಸು, ಕೆಲಸದ ಬೂಟು. ಬೇರೆ ಇರಲಿಲ್ಲ, ಅದಕ್ಕೆ. ಆಮೇಲೆ 1985ರಲ್ಲಿ ಅದೇ ನಾಡಿನ ಚಾರ್ಲ್ಸ್ ಕೋಲ್ ಎಂಬವರು ಬಂಡೆ ಹತ್ತುವವರಿಗಾಗಿ ಫೈವ್ ಟೆನ್ ಕಂಪೆನಿ ಕಟ್ಟಿದರು. ಬಂಡೆಗೆ ಅಂಟುವ ಆ ಮೆತ್ತನೆಯ ರಬ್ಬರು ಮುಂದೆ ಸೈಕಲ್ ಬೂಟಿನ ಅಟ್ಟೆಗೂ ಬಂತು. 2011ರಲ್ಲಿ ಅಡಿಡಾಸ್ ಆ ಕಂಪೆನಿಯನ್ನು ಕೊಂಡಿತು. ಈಗ ಬೇರೆಯವರೂ ಅಂಥದನ್ನು ಮಾಡುತ್ತಾರೆ. ಹೆಸರಿಗಿಂತ ಅಟ್ಟೆಯನ್ನು ನೋಡಿ.

ಉಗುರು ಒತ್ತಿದರೆ ಅಟ್ಟೆಯ ಮೇಲೆ ಗುರುತು ಮೂಡಬೇಕು. ಗೀರುಗಳು ಆಳವಿಲ್ಲದೆ ಚುಕ್ಕೆಯಂತಿರಬೇಕು. ಆದರೆ ಬೂಟನ್ನು ಮಡಿಸಿದರೆ ರೊಟ್ಟಿಯಂತೆ ಬಾಗಬಾರದು. ಓಡುವ ಬೂಟಿನ ತೊಂದರೆ ಇದೇ: ಹಿಡಿತವೇನೋ ಸಿಗುತ್ತದೆ, ಅರ್ಧ ಗಂಟೆಗೆ ಪಾದದ ನಡು ನೋಯತೊಡಗುತ್ತದೆ, ಮೊಳೆಗಳು ಮೆತ್ತನೆಯ ಸ್ಪಂಜನ್ನು ತಿಂದುಹಾಕುತ್ತವೆ. ಬೂಟು ಕೊಳ್ಳಲು ಸಂಜೆ ಹೋಗಿ. ಈ ಸೆಕೆಗೆ ಹೊತ್ತು ಇಳಿಯುವಷ್ಟರಲ್ಲಿ ಪಾದ ಊದಿರುತ್ತದೆ. ಬಾಲ್ಯವೆಲ್ಲ ಚಪ್ಪಲಿಯಲ್ಲೇ ಕಳೆದ ನಮ್ಮವರ ಬೆರಳುಗಳು ಹರಡಿಕೊಂಡಿರುವುದುಂಟು. ಅಂಥವರು ನಂಬರ್ ಮಾತ್ರ ನೋಡದೆ ಮುಂಭಾಗದ ಅಗಲ ನೋಡಬೇಕು. ಸಾಧ್ಯವಾದರೆ ಪೆಡಲನ್ನೇ ಬಿಚ್ಚಿ ಚೀಲದಲ್ಲಿ ಒಯ್ದು ಅಟ್ಟೆಗೆ ಒತ್ತಿ ನೋಡಿ. ಅಂಗಡಿಯವನು ವಿಚಿತ್ರವಾಗಿ ನೋಡುತ್ತಾನೆ, ನೋಡಲಿ.

ಪೆಡಲಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನೈಲಾನಿನದು ಅಗ್ಗ, ಕಲ್ಲಿಗೆ ತಾಗಿದರೆ ಜಾರಿಕೊಂಡು ಹೋಗುತ್ತದೆ. ಅಲ್ಯೂಮಿನಿಯಂನದು ತೆಳು, ಬಾಳಿಕೆಯದು. ದೊಡ್ಡ ಪಾದದವರು ಅಗಲದ್ದನ್ನೇ ಕೊಳ್ಳಲಿ. ನಡು ತುಸು ತಗ್ಗಾಗಿದ್ದರೆ ಒಳ್ಳೆಯದು. ಮೊಳೆಗಳು ಬಿಚ್ಚಿ ಬದಲಿಸುವಂತಿರಬೇಕು. ಕೈಯಲ್ಲಿರುವ ಹಣಕ್ಕೆ ಎರಡರಲ್ಲಿ ಒಂದು ಮಾತ್ರ ಒಳ್ಳೆಯದು ಬರುವುದಾದರೆ, ನಮ್ಮ ಮತ ಬೂಟಿಗೆ.

ಬೂಟನ್ನು ಪೆಡಲಿಗೆ ಕೊಕ್ಕೆಯಿಂದ ಸಿಕ್ಕಿಸುವ ಪದ್ಧತಿಯೂ ಇದೆ. ಪಂದ್ಯಗಾರರು ಬಹುಪಾಲು ಅದನ್ನೇ ಬಳಸುತ್ತಾರೆ. ಆದರೂ ಆಸ್ಟ್ರೇಲಿಯಾದ ಸ್ಯಾಮ್ ಹಿಲ್ 2017, 2018, 2019ರಲ್ಲಿ ಸತತವಾಗಿ ಎಂಡ್ಯೂರೋ ವಿಶ್ವ ಸರಣಿ ಗೆದ್ದದ್ದು ಚಪ್ಪಟೆ ಪೆಡಲಿನ ಮೇಲೆ. ಹೊಸಬರಿಗೆ ಅದೇ ಕ್ಷೇಮ: ಹೆದರಿಕೆಯಾದ ಕ್ಷಣ ಕಾಲು ನೆಲಕ್ಕೆ ಬರುತ್ತದೆ. ಇಳಿಯುವಾಗ ಹಿಮ್ಮಡಿ ತಗ್ಗಿಸಿ. ಕುಲುಕಿದಷ್ಟೂ ಪಾದ ಪೆಡಲಿಗೇ ಒತ್ತುತ್ತದೆ. ಕಣಕಾಲಿಗೆ ಗಾರ್ಡ್ ಕಟ್ಟಿಕೊಳ್ಳಲು ನಾಚಿಕೆ ಬೇಡ.

ಸವಾರಿ ಮುಗಿದ ಮೇಲೆ ಬೂಟನ್ನು ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ಜುಲೈ ಬಿಸಿಲಿಗೆ ಅಟ್ಟೆಯ ಅಂಟು ಬಿಟ್ಟುಕೊಳ್ಳುತ್ತದೆ. ಪೆಡಲು ನೀವೇ ಬದಲಿಸುವುದಾದರೆ ಬಲಗಡೆಯದು ಎಲ್ಲ ತಿರುಪಿನಂತೆಯೇ, ಎಡಗಡೆಯದು ಉಲ್ಟಾ ತಿರುಗುತ್ತದೆ. ಮರೆತು ಬಲ ಹಾಕಿದರೆ ಕ್ರ್ಯಾಂಕಿನ ಮರೆ ಹಾಳು. ತಿರುಪಿಗೆ ಚೂರು ಗ್ರೀಸ್ ಸವರಿ.

ಜಾಲಿ ಮುಳ್ಳು ಮತ್ತು ಟೈರಿನ ಗಾಳಿಯ ವಿಷಯ ಮುಂದಿನ ಸಂಚಿಕೆಗೆ.